ಸ್ಪ್ರೇಯರ್ ಬ್ಯಾಟರಿ ಏರ್ ಕೊರಿಯರ್‌ನಲ್ಲಿ ಯಾಕೆ ಹೋಗಲ್ಲ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ದು ಕೃಷಿ ಸಾಮಾನಿನ ಅಂಗಡಿ ಐತೆ. ಗುವಾಹಟಿ ಪಾರ್ಟಿಗೆ ಔಷಧಿ ಹೊಡೆಯೋ ಸ್ಪ್ರೇಯರ್‌ದು 12 ವೋಲ್ಟ್ 12 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ನಾಲ್ಕು ಅರ್ಜೆಂಟ್ ಅಂತ ಏರ್ ಕೊರಿಯರ್‌ಗೆ ಹಾಕಿದ್ವಿ, ಬಿಲ್ಲಲ್ಲಿ ‘ಸ್ಪೇರ್ ಪಾರ್ಟ್ಸ್’ ಅಂತ ಬರೆಸಿದ್ವಿ. ಬೆಂಗಳೂರಲ್ಲಿ ಸ್ಕ್ಯಾನ್ ಮಾಡಿ ವಾಪಸ್ ಕಳ್ಸಿದ್ರು. ನನ್ ತಮ್ಮ ಪವರ್ ಬ್ಯಾಂಕ್ ಇಟ್ಕೊಂಡೇ ವಿಮಾನ ಹತ್ತುತಾನೆ, ಅವನಿಗಿಲ್ಲದ ರೂಲ್ಸ್ ನಮಗ್ಯಾಕೆ? ಸ್ಪ್ರೇಯರ್ ಒಳಗೇ ಹಾಕಿ ಕಳ್ಸಿದ್ರೆ ಹೋಗ್ತದಾ?

ಉತ್ತರ: ಬರೀ ವಾಪಸ್ ಬಂತಲ್ಲ, ಬಚಾವಾದ್ರಿ ಅನ್ಕೊಳ್ಳಿ. ಬ್ಯಾಟರಿನ ಸ್ಪೇರ್ ಪಾರ್ಟ್ಸ್ ಅಂತ ಬರೆಸಿದ್ರೆ ಅದು ಡೇಂಜರಸ್ ಗೂಡ್ಸ್ ಮುಚ್ಚಿಟ್ಟ ಲೆಕ್ಕ, ಸರಿಯಾಗಿ ಹೇಳೋ ಜವಾಬ್ದಾರಿ ಮೊದಲು ಕಳಿಸೋರದ್ದೇ.

ತಮ್ಮನ ವಿಷಯ ಬೇರೆ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದ್ರೆ 74 ವ್ಯಾಟ್-ಅವರ್ (ಬ್ಯಾಟರಿಲಿ ಹಿಡಿಯೋ ಶಕ್ತಿಯ ಅಳತೆ), ಪ್ರಯಾಣಿಕರಿಗಿರೋ 100ರ ಮಿತಿ ಒಳಗೆ, ಜೊತೆಗೆ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕಂಗಿಲ್ಲ. ಯಾಕಂದ್ರೆ ಮೇಲೆ ಜನ ಕೂರೋ ಕಡೆ ಹೊಗೆ ಬಂದ್ರೆ ಸಿಬ್ಬಂದಿ ಕಣ್ಣಿಗೆ ಬೀಳುತ್ತೆ, ನೀರು ಹೊಯ್ದು ತಣ್ಣಗೆ ಮಾಡ್ತಾರೆ. ಕೆಳಗೆ ಸರಕಿನ ಜಾಗದಲ್ಲಿ ಯಾರಿರ್ತಾರೆ? ಅಲ್ಲಿ ಬೆಂಕಿ ಆರಿಸೋಕೆ ಇಟ್ಟಿರೋ ಹ್ಯಾಲಾನ್ ಗ್ಯಾಸ್ ಉರಿ ತಗ್ಗಿಸುತ್ತೆ, ಆದ್ರೆ ಒಂದು ಸೆಲ್ ಕಾದು ಪಕ್ಕದ್ದನ್ನ ಕಾಯಿಸ್ತಾ ಹೋಗೋದನ್ನ ನಿಲ್ಲಿಸಲ್ಲ. 2010ರ ಸೆಪ್ಟೆಂಬರ್‌ನಲ್ಲಿ ದುಬೈಯಿಂದ ಹೊರಟ ಯುಪಿಎಸ್ ಕಾರ್ಗೋ ವಿಮಾನದಲ್ಲಿ ಲಿಥಿಯಂ ಬ್ಯಾಟರಿ ಇದ್ದ ಸರಕಿಗೆ ಬೆಂಕಿ ಬಿದ್ದು ಇಬ್ಬರು ಪೈಲಟ್‌ಗಳೂ ತೀರ್ಕೊಂಡ್ರು.

2016ರ ಏಪ್ರಿಲ್‌ನಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿ (ಡೇಂಜರಸ್ ಗೂಡ್ಸ್ ಪಟ್ಟಿಲಿ ಇದರ ನಂಬರ್ ಯುಎನ್ 3480) ಪ್ಯಾಸೆಂಜರ್ ವಿಮಾನದಲ್ಲಿ ಸರಕಾಗಿ ಹೋಗಂಗೇ ಇಲ್ಲ. ಕಾರ್ಗೋ ವಿಮಾನದಲ್ಲಿ ಮಾತ್ರ, ಅದೂ ಚಾರ್ಜ್ 30 ಪರ್ಸೆಂಟ್ ದಾಟಬಾರದು. ನಿಮ್ದು ಒಂದೊಂದೂ 144 ವ್ಯಾಟ್-ಅವರ್ ಆಗುತ್ತೆ, 100 ದಾಟ್ತು, ಹಂಗಾಗಿ ಟೆಸ್ಟ್ ಆಗಿ ಯುಎನ್ ಮಾರ್ಕ್ ಇರೋ ಡಬ್ಬ, ಡೇಂಜರಸ್ ಗೂಡ್ಸಿನ ಕ್ಲಾಸ್ 9 ಲೇಬಲ್, ಟ್ರೇನಿಂಗ್ ಆದೋರು ಸೈನ್ ಮಾಡಿದ ಡಿಕ್ಲರೇಶನ್ ಎಲ್ಲಾ ಬೇಕು. ನಾಲ್ಕು ಬ್ಯಾಟರಿಗೆ ಇದು ಗಿಟ್ಟೋ ಮಾತಲ್ಲ.

ಸ್ಪ್ರೇಯರ್ ಒಳಗೇ ಇದ್ರೆ ನಂಬರ್ ಯುಎನ್ 3481 ಆಗುತ್ತೆ, ಆಗ ಒಂದು ಪ್ಯಾಕೇಜಿಗೆ 5 ಕೆಜಿ ಬ್ಯಾಟರಿವರೆಗೆ ಪ್ಯಾಸೆಂಜರ್ ವಿಮಾನಕ್ಕೂ ಕೊಡಬಹುದು, ಸ್ವಿಚ್ ತಾನಾಗೇ ಆನ್ ಆಗಬಾರದು ಅಷ್ಟೆ. ಲೇಬಲ್ಲು ಡಿಕ್ಲರೇಶನ್ನು ಇಲ್ಲೂ ತಪ್ಪಲ್ಲ. ಮುಖ್ಯವಾಗಿ ಬ್ಯಾಟರಿ ಯುಎನ್ 38.3 ಅನ್ನೋ ಸುರಕ್ಷತೆ ಟೆಸ್ಟ್ ಪಾಸಾಗಿರಬೇಕು, ಕಂಪನಿಯಿಂದ ಟೆಸ್ಟ್ ಸಮರಿ ತರಿಸ್ಕೊಳ್ಳಿ. ಲೋಕಲ್ಲಾಗಿ ಸೆಲ್ ಜೋಡಿಸಿ ನೀಲಿ ಶೀಟ್ ಸುತ್ತಿ ಕೊಡ್ತಾರಲ್ಲ, ಆ ಪ್ಯಾಕಿಗೆ ಈ ಟೆಸ್ಟ್ ಆಗಿರಲ್ಲ, ಅದನ್ನಂತೂ ಏರ್‌ಗೆ ಹಾಕೋ ಯೋಚನೆನೇ ಬಿಡಿ.

ನನ್ನ ಕೇಳಿದ್ರೆ ಈ ನಾಲ್ಕನ್ನ ಬ್ಯಾಟರಿ ಅಂತಾನೇ ಬರೆಸಿ ಲಾರಿ ಟ್ರಾನ್ಸ್‌ಪೋರ್ಟಿಗೆ ಹಾಕಿ, ಪಾರ್ಟಿಗೆ ತಡ ಆಗುತ್ತೆ ಅಂತ ಮೊದ್ಲೇ ಹೇಳಿಬಿಡಿ. ಅರ್ಜೆಂಟೇ ಅಂದ್ರೆ ಅವರ ಸ್ಪ್ರೇಯರಿಗೆ 12 ವೋಲ್ಟ್ 8 ಆಂಪಿಯರ್-ಅವರ್ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಕೂರುತ್ತಾ ಕೇಳಿ. ಅದು ಎ67 ಅನ್ನೋ ಷರತ್ತು (ಡಬ್ಬ ಒಡೆದ್ರೂ ಆಸಿಡ್ ಸೋರಬಾರದು ಅನ್ನೋದು) ಪೂರೈಸಿದ್ರೆ, ಟರ್ಮಿನಲ್ ಶಾರ್ಟ್ ಆಗದಂಗೆ ಕ್ಯಾಪ್ ಹಾಕಿದ್ರೆ, ಏರ್‌ವೇ ಬಿಲ್ಲಲ್ಲಿ ಆ ನಂಬರ್ ಬರೆಸಿ ಮಾಮೂಲಿ ಸರಕಿನಂಗೆ ಕಳಿಸಬಹುದು.