ಇಂಪ್ಯಾಕ್ಟ್ ಫಾಂಟ್ ಶೀರ್ಷಿಕೆಯಲ್ಲಿ ಎದ್ದು ಕಾಣುತ್ತದೆ, ಸಣ್ಣ ಗಾತ್ರದಲ್ಲಿ ಯಾಕೆ ಓದಲಾಗುವುದಿಲ್ಲ?

ಅದನ್ನು ರೂಪಿಸಿದ್ದೇ ದೊಡ್ಡ ಗಾತ್ರಕ್ಕಾಗಿ. ನಾವು ಅಕ್ಷರವನ್ನು ಗುರುತಿಸುವುದು ಕಪ್ಪು ಗೆರೆಯಿಂದ ಮಾತ್ರವಲ್ಲ, ಅದರ ಹೊಟ್ಟೆಯೊಳಗಿನ ಬಿಳಿ ಜಾಗದಿಂದಲೂ. ಇಂಪ್ಯಾಕ್ಟ್‌ನಲ್ಲಿ ಗೆರೆ ವಿಪರೀತ ದಪ್ಪ, ಅಕ್ಷರದ ಅಗಲ ಕಡಿಮೆ. ಹಾಗಾಗಿ ಇಂಗ್ಲಿಷಿನ ಚಿಕ್ಕ 'ಎ', 'ಇ'ಗಳೊಳಗೆ ಉಳಿಯುವುದು ಬರೀ ಒಂದು ಸೀಳು. ದೊಡ್ಡದಾಗಿ ಅಚ್ಚಾದಾಗ ಆ ಸೀಳು ಸಾಕು. 10 ಪಾಯಿಂಟ್‌ಗೆ ಇಳಿಸಿ ನೋಡಿ, ಸೀಳು ಮುಚ್ಚಿಕೊಂಡು ಇಡೀ ಸಾಲು ಕಪ್ಪು ಪಟ್ಟಿಯಂತಾಗುತ್ತದೆ.

ಚಿಕ್ಕಕ್ಷರಗಳೂ ದೊಡ್ಡಕ್ಷರಗಳ ಎತ್ತರಕ್ಕೆ ಹತ್ತಿರವಿರುವುದರಿಂದ ಸಾಲಿನಲ್ಲಿ ಜಾಗ ಪೋಲಾಗದು. ಪೋಸ್ಟರಿಗೆ ಅದು ವರ, ಪುಟಗಟ್ಟಲೆ ಓದಿಗೆ ಶಿಕ್ಷೆ.

ಬ್ರಿಟನ್ನಿನ ಜೆಫ್ರಿ ಲೀ ವಿನ್ಯಾಸಗೊಳಿಸಿದ ಇದು 1965ರಲ್ಲಿ ಲೋಹದ ಅಚ್ಚುಮೊಳೆಯಾಗಿ ಬಂತು. ಮುಂದೆ ವಿಂಡೋಸ್ ಜೊತೆಗೇ ಸಿಗತೊಡಗಿ, ಮೀಮ್ ಮಾಡುವವರ ಕೈಗೆ ಬಿತ್ತು. ಆ ಆಯ್ಕೆ ತಮಾಷೆಯಾಗಿ ಕಂಡರೂ ದಡ್ಡತನದ್ದಲ್ಲ: ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಕೊಟ್ಟರೆ ಹಿಂದಿನ ಚಿತ್ರ ಎಷ್ಟೇ ಗಜಿಬಿಜಿಯಾಗಿದ್ದರೂ ಮಾತು ಕಾಣುತ್ತದೆ. ತೆಳು ಗೆರೆಯ ಫಾಂಟ್ ಆಗಿದ್ದರೆ ಆ ಅಂಚೇ ಅಕ್ಷರವನ್ನು ನುಂಗಿಬಿಡುತ್ತಿತ್ತು.