ವಿದೇಶದಲ್ಲಿರುವ ಸೈನಿಕರು ಹೊರೆ ಹೊತ್ತು 25 ಕಿ.ಮೀ. ನಡೆಯುವುದೇಕೆ?

ಮೈ ಗಟ್ಟಿಯಾಗಲಿ ಎಂಬುದು ಅರ್ಧ ಕಾರಣ. ಬೇರೆ ಬೇರೆ ದೇಶಗಳ ಪಡೆಗಳು ಬೆರೆಯಲಿ ಎಂಬುದು ಇನ್ನರ್ಧ. ಡೆನ್ಮಾರ್ಕಿನ ತುಕಡಿ 1972ರಲ್ಲಿ ಸೈಪ್ರಸ್‌ನಲ್ಲಿ ಶುರುಮಾಡಿದ ಈ ‘ಡ್ಯಾನ್‌ಕಾನ್’ (‘ಡ್ಯಾನಿಶ್ ಕಂಟಿಂಜೆಂಟ್’, ಅಂದರೆ ಡೆನ್ಮಾರ್ಕಿನ ತುಕಡಿ ಎಂಬುದರ ಚಿಕ್ಕ ರೂಪ) ನಡಿಗೆ ಆಮೇಲೆ ಕೊಸೊವೊ, ಇರಾಕ್‌ಗಳಿಗೂ ಹೋಯಿತು. ಬೆನ್ನ ಮೇಲೆ ಕನಿಷ್ಠ 10 ಕೆ.ಜಿ. ಇರಬೇಕು. ಓಟದಲ್ಲಾದರೆ ಗಟ್ಟಿಗರು ಮುಂದೆ ಹೋಗಿಬಿಡುತ್ತಾರೆ. ಹೊರೆ ಹೊತ್ತ ನಡಿಗೆಯಲ್ಲಿ ವೇಗ ಹೆಚ್ಚುಕಡಿಮೆ ಒಂದೇ, ಮಾತಾಡಲು ಉಸಿರೂ ಉಳಿದಿರುತ್ತದೆ. ಗಂಟೆಗಟ್ಟಲೆ ಜೊತೆಗೆ ನಡೆದವರಿಗೆ ಬೇರೆ ಪರಿಚಯ ಮಾಡಿಸಬೇಕಿಲ್ಲ.

ಕೈಕೊಡುವುದು ಸಾಮಾನ್ಯವಾಗಿ ಕಾಲು, ದಮ್ಮಲ್ಲ. ಬೆವರಿಗೆ ನೆನೆದು ಮೆತ್ತಗಾದ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ಹೊಸ ಬೂಟು ಬೇಡವೇ ಬೇಡ. ಅರ್ಧ ದಾರಿಯಲ್ಲಿ ಕಾಲ್ಚೀಲ ಬದಲಿಸಿ. ಭಾರದ ಸಾಮಾನು ಚೀಲದ ಮೇಲ್ಭಾಗದಲ್ಲಿ, ಬೆನ್ನಿಗೆ ಒತ್ತಿಕೊಂಡಿರಲಿ. ಕೆಳಗೆ ಜೋತುಬಿದ್ದರೆ ಭುಜ ಜಗ್ಗುತ್ತದೆ, ಸೊಂಟ ಹಿಡಿಯುತ್ತದೆ.