‘ತಲೆಗೆ ಹಾಕ್ಕೋಬೇಡ’ ಅಂದರೆ ಸಾಲದು

ಹುಡುಗನಿಗೆ 22 ವರ್ಷ. ಇಲ್ಲಿ ಕಿರಣ್ ಅಂತ ಕರೆಯುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಕೊಡಗು ಅಂದರೆ ಹಾಕಿ ಅಂತಾರೆ. ಆದರೆ ಸುಂಟಿಕೊಪ್ಪ ಕಡೆ ಹೋಗಿ ನೋಡಿ, ಫುಟ್‌ಬಾಲ್ ಅಂದರೆ ಪ್ರಾಣ ಬಿಡುತ್ತಾರೆ. ಕಿರಣ್ ಆ ಕಡೆಯವನು. ಬೆಂಗಳೂರಿನ ಕ್ಲಬ್ ಒಂದರಲ್ಲಿ ಸಂಬಳಕ್ಕೆ ಆಡುತ್ತಾನೆ. ಆಯ್ಕೆಯಾದಾಗ ಊರಿನ ಸರ್ಕಲ್‌ನಲ್ಲಿ ಅವನ ಫ್ಲೆಕ್ಸ್ ಕಟ್ಟಿದ್ದರು. ಆಮೇಲೆ ಒಂದು ನಾಕೌಟ್ ಪಂದ್ಯದಲ್ಲಿ ಅವನು ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದ. ತಂಡ ಸೋತಿತು. ರಜೆಗೆ ಬಂದವನು ಆ ಫ್ಲೆಕ್ಸ್ ಕೆಳಗೆ ನಡೆಯಲಾಗದೆ ಒಂದು ಸ್ಟಾಪ್ ಮೊದಲೇ ಬಸ್ ಇಳಿದು, ಮಳೆಯಲ್ಲಿ ಕಾಫಿ ತೋಟದ ದಾರಿ ಹಿಡಿದು ಮನೆ ಸೇರುತ್ತಿದ್ದ.

ಮಡಿಕೇರಿಯಲ್ಲಿ ಆಪ್ತಸಮಾಲೋಚನೆಗೆ ಅಂತ ನನ್ನೆದುರು ಕೂತಾಗ ಅವನ ಮೊದಲ ಮಾತು: ‘ಎಲ್ಲರೂ ತಲೆಗೆ ಹಾಕ್ಕೋಬೇಡ ಅಂತಾರೆ ಮೇಡಂ. ಹೇಗೆ ಅಂತ ಯಾರೂ ಹೇಳಲ್ಲ.’

ಸರಿಯಾಗಿಯೇ ಕೇಳಿದ್ದ. ಕೇಳಿದ ಮಾತು ತಲೆಯೊಳಗೆ ಹೋಗೇ ಹೋಗುತ್ತದೆ. ಮುಂದೆ ಅದನ್ನು ಏನು ಮಾಡಬೇಕು ಅನ್ನೋದನ್ನು ಆಟಗಾರನಿಗೆ ಮೊದಲೇ ಕಲಿಸಬೇಕು. ಕಾಲಿಗೆ ಅಷ್ಟೊಂದು ತರಬೇತಿ ಕೊಡುತ್ತೇವೆ, ಇದಕ್ಕೆ ಮಾತ್ರ ಏನೂ ಇಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಅವನ ನಿದ್ದೆ ರಾತ್ರಿಗೆ ಮೂರು ಗಂಟೆಯಷ್ಟಕ್ಕೆ ಇಳಿದಿತ್ತು. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದ. ಆದರೂ ರಾತ್ರಿ ತೀರಾ ಕಷ್ಟವಾದರೆ ಕರೆ ಮಾಡಲು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಫೋನಿನಲ್ಲಿ ಸೇವ್ ಮಾಡಿಸಿದೆ.

ಆಮೇಲೆ ಅವನು ಊರಿನ ವಾಟ್ಸ್‌ಆ್ಯಪ್ ಗುಂಪಿನ ಒಂದು ವಾಯ್ಸ್ ಮೆಸೇಜ್ ತೋರಿಸಿದ. 14 ಸೆಕೆಂಡಿನದು. ಸ್ಟಾರ್ ಹಾಕಿ ಇಟ್ಟುಕೊಂಡು, ರಾತ್ರಿ ವಾಲ್ಯೂಮ್ ಕಡಿಮೆ ಮಾಡಿ ಕಿವಿಗೆ ಹಿಡಿದು ಕೇಳುತ್ತಿದ್ದನಂತೆ. ಇಬ್ಬರೂ ಒಟ್ಟಿಗೆ ಕೇಳಿದೆವು. ಮೊದಲು ನಗು. ‘ಇವನಿಗೆ ಸಂಬಳ ಬೇರೆ ಕೊಡ್ತಾರಾ?’ ಆಮೇಲೆ, ‘ಓಡಿ ಬರುವಾಗಲೇ ಎಡಗಡೆ ನೋಡಿಬಿಟ್ಟ.’

‘ಕೊನೆಯದು ನಿಜಾನಾ?’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೋಚ್ ಕೂಡ ಅದನ್ನೇ ಹೇಳಿದ್ರು. ಎಲ್ಲಿಗೆ ಹೊಡೀತೀನಿ ಅಂತ ಕೀಪರ್‌ಗೆ ಅಲ್ಲೇ ಗೊತ್ತಾಯ್ತು’ ಅಂದ.

ಅವನ ಅಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಕೆಲಸದಲ್ಲಿದ್ದವರು. ಕಪ್ಪು ಬೀಜ, ಒಡೆದ ಬೀಜ ಬೇರೆ, ಒಳ್ಳೆಯದು ಬೇರೆ. ಅದನ್ನು ನೆನಪಿಸಿದವನು ಅವನೇ. ಮಾತುಗಳನ್ನೂ ಹಾಗೇ ಆರಿಸು ಅಂತ ನಾನು ಒಂದು ನೋಟ್‌ಬುಕ್ ಕೊಟ್ಟೆ. ಪಂದ್ಯ ಮುಗಿದು ಒಂದು ದಿನ ಕಳೆಯುವವರೆಗೆ ಸೋಷಿಯಲ್ ಮೀಡಿಯಾ ಮುಟ್ಟಬಾರದು. ಆಮೇಲೆ ಮನಸ್ಸಿಗೆ ಚುಚ್ಚಿದ ಮಾತುಗಳಲ್ಲಿ ಮೈದಾನದಲ್ಲಿ ತಿದ್ದಿಕೊಳ್ಳಲು ಆಗುವುದನ್ನಷ್ಟೇ ಬರೆಯಬೇಕು. ಆಟದ ಬಗ್ಗೆ ಯಾರ ಮಾತನ್ನು ನಂಬುತ್ತೀಯ, ಮೂರು ಹೆಸರು ಬರೆ ಅಂದೆ. ಕೋಚ್, ಕೀಪರ್ ಗೆಳೆಯ, ಅಕ್ಕ. ಅಪ್ಪನ ಹೆಸರು ಇರಲಿಲ್ಲ.

ಹಾಗಾಗಿ ಅಪ್ಪನನ್ನೂ ಕರೆಸಿದೆ. ‘ಈ ವರ್ಷ ಐಎಸ್‌ಎಲ್ ಅಲ್ವಾ ಅಂತ ಕೇಳ್ತಿದ್ದೆ, ಪ್ರೋತ್ಸಾಹ ಅಂದ್ಕೊಂಡಿದ್ದೆ ಮೇಡಂ’ ಅಂದರು. ಐಎಸ್‌ಎಲ್ ಅಂದರೆ ಇಂಡಿಯನ್ ಸೂಪರ್ ಲೀಗ್, ದೇಶದ ದೊಡ್ಡ ಫುಟ್‌ಬಾಲ್ ಲೀಗ್. ಪ್ರೀತಿಯಿಂದಲೇ ಕೇಳಿದ್ದು, ಅನುಮಾನವಿಲ್ಲ. ಪಂದ್ಯದ ನಂತರದ ಮೊದಲ ಫೋನಿನಲ್ಲಿ ಗೋಲಿನ ವಿಷಯ ಬೇಡ, ಊಟ ಆಯ್ತಾ ಅಂತ ಕೇಳಿ ಸಾಕು ಅಂದೆ. ತಲೆಯಾಡಿಸಿದರು, ಕಣ್ಣು ತುಂಬಿತ್ತು.

ಕಿರಣ್‌ಗೆ ಒಂದೇ ಪಂದ್ಯದಲ್ಲಿ ಎಲ್ಲ ಸರಿಮಾಡುವ ಆತುರ. ಇಂಗ್ಲೆಂಡ್ ತಂಡದ ಫುಟ್‌ಬಾಲ್ ಆಟಗಾರ ಬುಕಾಯೊ ಸಾಕಾ ವಿಷಯ ಹೇಳಿದೆ. 2021ರಲ್ಲಿ ನಡೆದ ಯೂರೋ, ಅಂದರೆ ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿಯ ಫೈನಲ್‌ನಲ್ಲಿ ಇಂಗ್ಲೆಂಡಿನ ಕೊನೆಯ ಪೆನಾಲ್ಟಿ ತಪ್ಪಿದಾಗ ಆತನಿಗೆ 19 ವರ್ಷ. ಚರ್ಮದ ಬಣ್ಣ ಹಿಡಿದು ಬೈದರು. ಅದೇ ಸಾಕಾ 2024ರ ಯೂರೋದಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧದ ಪೆನಾಲ್ಟಿ ಶೂಟೌಟ್‌ನಲ್ಲಿ ಗೋಲು ಹೊಡೆದ. ‘ನಡುವೆ ಮೂರು ವರ್ಷ ಇದೆ ನೋಡು’ ಅಂದೆ.

ಕೊನೆಗೆ 11 ಮೀಟರಿನ, ಅಂದರೆ ಪೆನಾಲ್ಟಿ ಹೊಡೆಯುವ ಅಭ್ಯಾಸ. ಚೆಂಡು ಇಡು, ನಾಲ್ಕು ಹೆಜ್ಜೆ ಹಿಂದೆ ಬಾ, ಉಸಿರು ನಿಧಾನ ಬಿಡು, ವಿಸಿಲ್ ಆದ ತಕ್ಷಣ ಓಡಬೇಡ. ಊರಿನ ಮೈದಾನದಲ್ಲಿ ಅಕ್ಕನ ಮಕ್ಕಳನ್ನು ಗೋಲಿನ ಹಿಂದೆ ನಿಲ್ಲಿಸಿ, ಬಾಯಿಗೆ ಬಂದ ಹಾಗೆ ಕೂಗಿಸಿ ಹೊಡೆಯುತ್ತಿದ್ದ.

ಕಳೆದ ತಿಂಗಳು ಫೋನ್ ಮಾಡಿದ್ದ. ತಂಡದ ಪೆನಾಲ್ಟಿ ಪಟ್ಟಿಗೆ ತಾನೇ ಹೆಸರು ಕೊಟ್ಟಿದ್ದಾನೆ, ಮೂರನೆಯವನಾಗಿ. ಇನ್ನೂ ಸರದಿ ಬಂದಿಲ್ಲ.